ವಿಭೂತಿ ತುಂಬಿದ ಕಿಂಡಿ

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲವದು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಇದ್ದದ್ದು ಎರಡೇ ಮನೆಯಲ್ಲಿ, ಇಂಟರ್ನೆಟ್ ಒಂದರಲ್ಲೂ ಇರಲಿಲ್ಲ. ಯಂತ್ರ ತಕರಾರು ತೆಗೆದರೆ ಬಲ್ಲವರನ್ನು ಹುಡುಕಿಕೊಂಡು ಹೋಗಿ ಕೇಳಬೇಕು. ಬಲ್ಲವರಿದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರ, ನಾನಿದ್ದದ್ದು ಮನೆಯ ಒಳಗೆ. ಆ ಬೇಸಿಗೆಯ ಗೋಳೆಲ್ಲ ಇಷ್ಟೇ.

ಏಳನೆಯ ಇಯತ್ತೆಯ ಪರೀಕ್ಷೆ ಮುಗಿದ ವಾರವೇ ನಾನು ‘ದೊಡ್ಡಾಕಿ’ ಆದೆ. ಐದು ದಿನ ಆರತಿ, ಹಾಡು, ಹಸಿರು ಬಳೆ. ತುಪ್ಪದ ವಾಸನೆಯ ಅಂಟಿನುಂಡಿಯನ್ನು ಓಣಿಯ ಹೆಂಗಸರು ಒಬ್ಬರಾದ ಮೇಲೊಬ್ಬರು ಬಾಯಿಗೆ ತುರುಕಿದರು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಆರನೆಯ ದಿನ ಸೈಕಲ್ ತೆಗೆಯಲು ಹೋದರೆ ಅದಕ್ಕೆ ಕೀಲಿ ಜಡಿದಿತ್ತು. ಚಾವಿ ಆಯಿಯ, ಅಂದರೆ ಅಪ್ಪನ ತಾಯಿಯ, ಸೆರಗಿನ ಗಂಟಿನಲ್ಲಿತ್ತು.

“ಇನ್ನ ಓಣ್ಯಾಗ ಸೈಕಲ್ ಹೊಡಿಯೂದು, ಲಗೋರಿ ಆಡೂದು ಸಾಕವಾ. ಸಾಲಿ ಚಾಲೂ ಆಗೂತನಕ ಮನ್ಯಾಗ ಇರು,” ಅಂದಳು. ನಾನು ಅಳತೊಡಗಿದಾಗ ಆಯಿಯೇ ಮತ್ತೆ ಅಂದಳು, “ನಮ್ಮ ಮನೋಳಿಯಾಗ ನನಗೂ ಹಿಂಗ ಹೊಳಿಗೆ ಈಸಾಕ ಹೋಗೂದು ಬಿಡಿಸಿದ್ರು. ನಾ ಏನ್ ಸತ್ತೇನೇನ?”

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅವಳ ಅಭಿಪ್ರಾಯ ಅಷ್ಟಕ್ಕೇ ಮುಗಿಯಿತು.

ಎರಡು ತಿಂಗಳು. ಸಂಜೆಯಾದರೆ ಕಿಟಕಿಯ ಸರಳಿನಾಚೆ ಲಗೋರಿಯ ಕಲ್ಲು ಬೀಳುವ ಸಪ್ಪಳ, ನನ್ನ ಗೆಳತಿಯರ ಜಗಳ. ಸಂಡಿಗೆ ಹಾಕಲು ಮಾಳಿಗೆ ಹತ್ತಬಹುದಿತ್ತು, ಅದೂ ಆಯಿಯ ಹಿಂದೆ. ಅಲ್ಲಿಂದ ಧಾರವಾಡದ ಬಸ್ಸು ಹೊರಳುವುದು ಕಾಣುತ್ತಿತ್ತು. ಅದರ ಹಾರನ್ ಕೇಳಿದರೆ ನನಗೆ ಎದೆಯೊಳಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಾಗುತ್ತಿರಲಿಲ್ಲ.

ಹತ್ತಿಯ ವ್ಯಾಪಾರದ ಅಪ್ಪ ಮಾತು ಕಡಿಮೆಯ ಮನುಷ್ಯ. ಅವನು ಆಯಿಗೆ ಎದುರಾಡಲಿಲ್ಲ, ಬದಲಿಗೆ ಧಾರವಾಡಕ್ಕೆ ಹೋಗಿ ಓದು ಮುಗಿಸಿದ ಒಬ್ಬ ಇಂಜಿನಿಯರಿಂಗ್ ಹುಡುಗನಿಂದ ಹಳೆಯ ಕಂಪ್ಯೂಟರ್ ತಂದ. ನಿಮ್ಮ ಮಗಳು ಆಡಲಿ ಅಂತ ಆ ಪುಣ್ಯಾತ್ಮ ಒಂದು ಆಟದ ಸಿ.ಡಿ.ಯನ್ನೂ ಕೊಟ್ಟಿದ್ದ. ಅದರ ಹೊದಿಕೆಯ ಮೇಲೆ ನೀರಿನ ದಂಡೆ ಹಿಡಿದು ಹೋಗುವ ರಸ್ತೆ, ರಸ್ತೆಯ ಮೇಲೆ ಒಂದು ಕೆಂಪು ಕಾರು. ನನಗೆ ಆ ಬೇಸಿಗೆಯಲ್ಲಿ ಬೇಕಾದದ್ದು ಅದೊಂದೇ. ಯಾರೂ ಹಿಂದಿನಿಂದ ಕೂಗಿ ಕರೆಯದ ಒಂದು ರಸ್ತೆ.

ಮನೆಗೆ ಹೊಸದೇನು ಬಂದರೂ ಆಯಿ ಅದಕ್ಕೆ ಮೂರು ಬೆರಳಿನ ವಿಭೂತಿ ಹಚ್ಚದೆ ಬಿಡುತ್ತಿರಲಿಲ್ಲ. ಮಿಕ್ಸರಿಗೆ, ಅಪ್ಪನ ಬೈಕಿಗೆ, ಒಮ್ಮೆ ಗ್ಯಾಸಿನ ಸಿಲಿಂಡರಿಗೂ ಹಚ್ಚಿದ್ದಳು. ಕಂಪ್ಯೂಟರಿನ ಮುಂದುಗಡೆ ಹಚ್ಚಿದರೆ ಚಂದ ಕಾಣುವುದಿಲ್ಲ ಅಂತ ಅಪ್ಪ ಮೆಲ್ಲಗೆ ಹೇಳಿದ್ದಕ್ಕೆ ಅದರ ತಗಡಿನ ಡಬ್ಬಿಯನ್ನು ತಿರುಗಿಸಿ ಬೆನ್ನಿಗೆ ಹಚ್ಚಿದಳು. ಆಮೇಲೆ ಅಪ್ಪ ವಾಯರುಗಳನ್ನು ಜೋಡಿಸಿದ.

ಸಿ.ಡಿ. ಹಾಕಿದೆ. ಪರದೆ ಕಪ್ಪಾಯಿತು. ಕಪ್ಪಿನೊಳಗಿಂದ ಒಂದು ಸಣ್ಣ ಚೌಕ ಎದ್ದು ಬಂತು. ಡಿಕ್ಷನರಿ ಇಟ್ಟುಕೊಂಡು ಓದಿದೆ. ನಿಮ್ಮ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗ, ಈ ಆಟಕ್ಕೆ ಹೊಂದುವುದಿಲ್ಲ, ಅಂತಿತ್ತು. ಕೆಳಗೆ ಒಂದೇ ಒಂದು ಗುಂಡಿ, ‘ಓಕೆ’. ಇಲ್ಲ ಅನ್ನಲು ಗುಂಡಿಯೇ ಇರಲಿಲ್ಲ. ಸೈಕಲ್ಲಿಗೆ ಕೀಲಿ ಬಿದ್ದ ದಿನವೂ ನನ್ನ ಪಾಲಿಗೆ ಇದ್ದದ್ದು ಅಂಥದೇ ಒಂದು ಗುಂಡಿ.

ಅಂದಿನಿಂದ ಚೀಟಿಗಳ ಓಡಾಟ ಶುರುವಾಯಿತು. ಆ ಚೌಕದ ಮಾತನ್ನು ದೊಡ್ಡಕ್ಷರದಲ್ಲಿ ಬರೆದು ಅಪ್ಪನ ಕಿಸೆಯಲ್ಲಿ ಇಡುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಈರಣ್ಣ ಅದನ್ನು ಓದಿ ಹಿಂದುಗಡೆ ಉತ್ತರ ಬರೆಯುತ್ತಿದ್ದ. ಬಣ್ಣ ಕಡಿಮೆ ಮಾಡಿ ನೋಡಲು ಬರೆದ, ಮಾಡಿದೆ. ಆಟವನ್ನು ತೆಗೆದು ಮತ್ತೆ ಹಾಕಲು ಬರೆದ, ನಾಲ್ಕು ಸಲ ಹಾಕಿದೆ. ನಡುವೆ ಕರೆಂಟು ಹೋದರೆ ಮೊದಲಿನಿಂದ. ಒಂದು ದಿನ ಅಪ್ಪ ಇನ್ನೊಂದು ಸಿ.ಡಿ. ತಂದು, ಇದು ಕಾರ್ಡನ್ನು ನಡೆಸುವ ಡ್ರೈವರ್ ಅಂತ, ಇದನ್ನು ಮೊದಲು ಹಾಕಬೇಕಂತ, ಅಂದ. ಆಯಿ ಶ್ಯಾವಿಗೆ ಹೊಸೆಯುತ್ತ ಕೂತವಳು ತಲೆಯೆತ್ತಿದಳು.

“ಡ್ರೈವರ್ ಯಾಕ? ಗಾಡಿ ತಾನ ಹೊಡಿತೇನಿ ಅಂದಿದ್ಲಲ್ಲ ಇಕಿ?”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಡ್ರೈವರೂ ಬಂದ, ಚೌಕವೂ ಬಂತು, ಓಕೆಯನ್ನೂ ಒತ್ತಿದೆ.

ಕೊನೆಗೆ ಡಬ್ಬಿಯನ್ನೇ ತರಲು ಈರಣ್ಣ ಹೇಳಿ ಕಳಿಸಿದ. ಅಪ್ಪ ಅದನ್ನು ಚಾದರದಲ್ಲಿ ಸುತ್ತಿ ಬೈಕಿನ ಮೇಲೆ ಕಟ್ಟಿಕೊಂಡು ಹೊರಟ. ನಾನೂ ಬರುತ್ತೇನೆ ಅಂದೆ. ಅಪ್ಪ ಆಯಿಯ ಮುಖ ನೋಡಿದ, ಆಯಿ ಬಾಗಿಲ ಕಡೆ ನೋಡಿದಳು, ಮುಗಿಯಿತು. ಆ ತಗಡಿನ ಡಬ್ಬಿ ಜುಮ್ಮಂತ ಪೇಟೆಗೆ ಹೋಯಿತು, ನಾನು ಕಿಟಕಿಯಲ್ಲಿ ನಿಂತೆ.

ತಿರುಗಿ ಬಂದ ಅಪ್ಪನ ಮುಖ ಅರಳಿತ್ತು. “ಅಲ್ಲಿ ಭರ್ಜರಿ ಓಡತೈತಿ. ನಾನೂ ಒಂದ ರೌಂಡ್ ಹೊಡದೆ,” ಅಂದ. ನನ್ನ ಕಾರನ್ನು ನನಗಿಂತ ಮೊದಲು ಅಪ್ಪ ಓಡಿಸಿದ್ದ! ಸಂಕಟವಾದರೂ ತಡೆದುಕೊಂಡು ಡಬ್ಬಿ ಇಳಿಸಿ ಹಚ್ಚಿದೆ. ಅದೇ ಕಪ್ಪು, ಅದೇ ಚೌಕ. ಮತ್ತೆ ಒಯ್ದ. ಅಂಗಡಿಯಲ್ಲಿ ಓಡಿತು. ಮತ್ತೆ ತಂದ, ಮನೆಯಲ್ಲಿ ನಿಂತಿತು. ಈ ಮನೆಯೊಳಗೆ ಬಂದದ್ದೆಲ್ಲ ನಿಲ್ಲುವುದೇ ಅಂತ ನನಗೆ ಖಾತ್ರಿಯಾಯಿತು. ಆಯಿ ಮಾತ್ರ ದೃಷ್ಟಿಯಾಗಿದೆ ಅಂದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು. ಅಮಾಸಿ ಬಂದದ್ದೇ ಡಬ್ಬಿಯ ಬೆನ್ನಿಗೆ ಇನ್ನೊಂದು ಸಲ ವಿಭೂತಿ ಬಿತ್ತು.

ಸಾಲಿ ಶುರುವಾಗಲು ಎಂಟು ಹತ್ತು ದಿನ ಉಳಿದಿತ್ತು. ಒಂದು ಸಂಜೆ ಅಪ್ಪನನ್ನು ಕೂರಿಸಿಕೊಂಡು, ಈರಣ್ಣ ಏನೇನು ಮಾಡಿದ, ಒಂದೂ ಬಿಡದೆ ಹೇಳು ಅಂತ ಗಂಟುಬಿದ್ದೆ. ಅಪ್ಪ ಚುರಮರಿ ತಿನ್ನುತ್ತ ನೆನಪು ಮಾಡಿಕೊಂಡ. ಈರಣ್ಣನ ಪರದೆಯ ವಾಯರು ಬಿಳಿಯದು, ಅಗಲದ್ದು, ಅದನ್ನು ಕೆಳಗಿನ ಅಗಲ ಕಿಂಡಿಗೆ ಹಚ್ಚಿದ ಅಂದ.

“ಕೆಳಗ ಅಂದ್ರ ಎಲ್ಲಿ? ನಮ್ಮದು ಮ್ಯಾಲ ಐತೆಲ್ಲಪ್ಪಾ?”

ಅಪ್ಪ ಚುರಮರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. “ನಮ್ಮ ವಾಯರಿಗೂ ಕೆಳಗ ಅದರ ಬಾಜೂಕ ಒಂದು ನೀಲಿ ಕಿಂಡಿ ಐತಿ. ಆದ್ರ ಅದರಾಗ ಆಯಿ ಹಚ್ಚಿದ ವಿಭೂತಿ ತುಂಬಿತ್ತು. ದೇವರ ಗುರ್ತು ಹೆಂಗ ಅಳಸೂದು ಅಂತ ಮ್ಯಾಲಿನ ಕಿಂಡಿಗೆ ಹಚ್ಚಿದೆ. ಎರಡೂ ಒಂದ ಥರಾ ಅದಾವಲ್ಲ.”

ಒಂದೇ ಥರ ಇದ್ದವು, ಆದರೆ ಒಂದೇ ಆಗಿರಲಿಲ್ಲ. ಮೇಲಿನದು ಕಂಪ್ಯೂಟರಿನದೇ ಬಡ ಕಿಂಡಿ. ಕೆಳಗಿನದು ಆ ಧಾರವಾಡದ ಹುಡುಗ ಆಟಕ್ಕಂತಲೇ ಹಾಕಿಸಿಕೊಂಡಿದ್ದ ಕಾರ್ಡಿನದು. ಬೇಕಾದ ಕಾರ್ಡು ಮೊದಲ ದಿನದಿಂದ ಒಳಗೇ ಇತ್ತು. ನಾವು ಅದರ ಬಾಯಿ ಮುಚ್ಚಿ ಕೂರಿಸಿದ್ದೆವು.

ಮರುದಿನ ಮಧ್ಯಾಹ್ನ ಆಯಿ ಮಲಗಿದ ಮೇಲೆ ಡಬ್ಬಿಯ ವಾಯರು ತೆಗೆದು, ಅವ್ವನ ಪಿನ್ನು ಹಿಡಿದು ಕೂತೆ. ಹದಿನೈದು ಸಣ್ಣ ತೂತು, ಒಂದೊಂದರಲ್ಲೂ ಒಣಗಿ ಗಟ್ಟಿಯಾದ ವಿಭೂತಿ. ಕೆದರಿದಷ್ಟೂ ಬೆಳ್ಳನೆಯ ಪುಡಿ ತೊಡೆಯ ಮೇಲೆ ಉದುರಿತು. ಪಾಪ ಬರುತ್ತದೆ ಅಂತ ಹೆದರಿಕೆ, ಆದರೂ ಕೈ ನಿಲ್ಲಲಿಲ್ಲ. ಕೊನೆಯ ತೂತಿಗೆ ಬಂದಾಗ ತಲೆಯೆತ್ತಿದರೆ ಆಯಿ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

“ಆಯಿ, ಇದರಾಗ ವಿಭೂತಿ ಹೊಕ್ಕು ಕಾರ್ ಹೋಗೂ ದಾರಿ ಮುಚ್ಚೇತಿ,” ಅಂದೆ.

ಅವಳು ಬೈಯಲಿಲ್ಲ. ಒಳಗೆ ಬಂದು ನನ್ನ ಹಿಂದೆ ನೆಲಕ್ಕೆ ಕೂತಳು. ನಾನು ವಾಯರನ್ನು ಕೆಳಗಿನ ಕಿಂಡಿಗೆ ಒತ್ತಿ ಯಂತ್ರ ಚಾಲೂ ಮಾಡಿದೆ. ಪರದೆ ಕಪ್ಪಾಯಿತು. ಈ ಸಲ ಚೌಕ ಬರಲಿಲ್ಲ. ನೀಲಿ ನೀರು ಬಂತು, ದಂಡೆಯ ರಸ್ತೆ ಬಂತು, ಕೆಂಪು ಕಾರು ಹೊರಟಿತು. ನನಗೆ ಅಳು ಬಂತು, ಅಳುತ್ತಲೇ ಓಡಿಸಿದೆ. ಎಲ್ಲೋ ಕಾರು ಕಲ್ಲಿಗೆ ಬಡಿದು ನಿಂತಾಗ ಆಯಿ ಹಿಂದಿನಿಂದ ನನ್ನ ಭುಜ ನೂಕಿ, ನಿಲ್ಲಿಸಬೇಡ, ಹೋಗು ಅಂದಳು. ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು.

“ಯವ್ವಾ, ಈ ದಾರಿ ಮನೋಳಿಗೆ ಹೊಕ್ಕೈತೇನ?”

ಮನೋಳಿ ಅವಳ ತವರು. ಬಸ್ಸಿಗೆ ಹತ್ತಿದರೆ ಅರ್ಧ ದಿನದ ಮಾತೂ ಅಲ್ಲ. ಆದರೆ ಅವಳ ಅಣ್ಣ ತೀರಿದ ಮೇಲೆ ನಾಗರಪಂಚಮಿಗೆ ಕರೆಯಲು ಬರುವವರು ಯಾರೂ ಉಳಿದಿರಲಿಲ್ಲ. ಕರೆಯದೆ ತವರಿಗೆ ಹೆಂಗ ಹೋಗೂದು ಅಂತ ಅವಳು ಎಷ್ಟೋ ವರ್ಷದಿಂದ ಹೋಗಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕುಬಿಟ್ಟೆ.

“ಇಲ್ಲ ಆಯಿ, ಇದು ಫಾರಿನ್ ದಾರಿ. ಇದರಾಗ ಮನೋಳಿ ಇಲ್ಲ.”

ಹೌದಾ ಅಂದಳು. ಮೊಣಕಾಲು ಹಿಡಿದು ಎದ್ದು ಚಹಕ್ಕೆ ಇಡಲು ಹೋದಳು.

ಮುಂದಿನ ಅಮಾಸಿಗೆ ಡಬ್ಬಿಯ ಬೆನ್ನಿಗೆ ಮತ್ತೆ ವಿಭೂತಿ ಬಿದ್ದದ್ದು ಕಂಡು ಸಿಟ್ಟಿನಿಂದ ತಿರುಗಿಸಿ ನೋಡಿದೆ. ಮೂರೂ ಗೆರೆ ಕಿಂಡಿಯ ಹತ್ತಿರ ನಿಂತು, ಆಚೆ ಬದಿಗೆ ಮತ್ತೆ ಶುರುವಾಗಿದ್ದವು. ಕಿಂಡಿಯೊಳಗೆ ಒಂದು ಚೂರೂ ಪುಡಿ ಬಿದ್ದಿರಲಿಲ್ಲ. ಸೈಕಲ್ಲಿನ ಚಾವಿ ಮಾತ್ರ ಸೆರಗಿನಲ್ಲೇ ಉಳಿಯಿತು. ಸಾಲಿಗೆ ಅಪ್ಪ ಬೈಕಿನ ಮೇಲೆ ಬಿಟ್ಟುಬರತೊಡಗಿದ, ಸೈಕಲ್ಲು ತುಕ್ಕು ಹಿಡಿದು ಗುಜರಿಗೆ ಹೋಯಿತು.

ಈಗ ನನ್ನದೇ ಕಾರಿದೆ. ಕೆಲಸದ ಮೇಲೆ ವಾರಕ್ಕೆರಡು ಸಲ ಸವದತ್ತಿಯ ಕಡೆ ಹೋಗುತ್ತೇನೆ, ಯಾರ ಪರವಾನಗಿಯೂ ಬೇಡ. ಆಟಗಳೂ ಈಗ ತಮಗೆ ಬೇಕಾದದ್ದನ್ನು ತಾವೇ ಹುಡುಕಿಕೊಳ್ಳುತ್ತವೆ. ಮನೋಳಿಯ ಸೇತುವೆ ಬಂದಾಗೆಲ್ಲ ಗಾಡಿ ನಿಧಾನ ಮಾಡುತ್ತೇನೆ. ನಾನು ಕಾರು ಕಲಿಯುವ ಮೊದಲೇ ಆಯಿ ಹೋಗಿಬಿಟ್ಟಳು, ತವರನ್ನು ಮತ್ತೆ ನೋಡದೆ. ಒಮ್ಮೆ ಇಳಿದು ಹೊಳೆಯ ದಂಡೆಯ ಮೇಲೆ ನಿಂತು ನೋಡಿದ ಮೇಲೇ ನನ್ನ ಮಂದ ತಲೆಗೆ ಹೊಳೆದದ್ದು, ಪರದೆಯ ಮೇಲಿನ ಆ ನೀಲಿ ನೀರನ್ನು ಅವಳು ತನ್ನೂರಿನ ಮಲಪ್ರಭೆ ಅಂದುಕೊಂಡಿದ್ದಳು. ಹೂಂ ಆಯಿ, ಹೊಕ್ಕೈತಿ, ಹೊಳಿ ದಂಡಿ ಹಿಡದು ಸೀದಾ ನಿಮ್ಮ ಮನಿಗೇ ಹೊಕ್ಕೈತಿ, ಅನ್ನಬೇಕಿತ್ತು ನಾನು.