‘ನಮ್ಮ’ ಎಂಬುದರೊಳಗೆ ಯಾರು

ಭಾವ ತೀರಿಕೊಂಡ ಮೇಲೆ ಅಕ್ಕ ಸಿಡ್ನಿಯ ಎಪ್ಪಿಂಗ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಉಳಿದಳು. ನಾನಿರುವುದು ಮೆಲ್ಬರ್ನಿನ ಟ್ರುಗನಿನಾದಲ್ಲಿ, ಗಂಡ ಮತ್ತು ಮಗಳ ಜೊತೆ. ಒಂದು ರೂಮು ಖಾಲಿಯೇ ಇತ್ತು. ‘ನಮ್ಮ ಮನಿಗೆ ಬಂದುಬಿಡು ಅಕ್ಕಾ, ಕೂಡಿ ಇರೋಣು’ ಎಂದು ಫೋನಿನಲ್ಲಿ ದುಂಬಾಲು ಬೀಳುತ್ತಿದ್ದೆ.

‘ನಿಮ್ಮ ಊರಾಗ ಥಂಡಿ ಬಾಳ. ಮ್ಯಾಲೆ ನಿಮ್ಮ ಮನ್ಯಾಗ ಆ ರೂಮಿನ ಹೀಟರ್ ಬ್ಯಾರೆ ಕೆಟ್ಟೈತಿ’ ಎನ್ನುತ್ತಿದ್ದಳು ಅಕ್ಕ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹೀಟರಿನ ನೆಪಕ್ಕೆ ಅಕ್ಕನನ್ನು ಕಳೆದುಕೊಳ್ಳಬೇಕೇ ಎಂದು ಸಿಡಿಮಿಡಿಗೊಳ್ಳುತ್ತಿದ್ದೆ. ಹಾಗೆಂದು ಹೀಟರನ್ನೂ ಸರಿ ಮಾಡಿಸಲಿಲ್ಲ.

ಅದೇ ದಿನಗಳಲ್ಲಿ ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು: ಈ ದೇಶ ಒಂದಾದದ್ದು ಹೇಗೆ? ಇಲ್ಲಿನ ಆರು ವಸಾಹತುಗಳು ಅಕ್ಕಪಕ್ಕದಲ್ಲೇ ಇದ್ದೂ ಪರದೇಶಗಳಂತೆ ಬದುಕಿದ್ದವಂತೆ. ಸಾಮಾನು ಗಡಿ ದಾಟಿದರೆ ಸುಂಕ. ಸಿಡ್ನಿ ಕಡೆಯ ಹಳಿಯ ಅಗಲ ಮೆಲ್ಬರ್ನ್ ಕಡೆಯದಕ್ಕೆ ಹೊಂದದೆ, ಗಡಿಯಲ್ಲಿ ಎಲ್ಲರೂ ಇಳಿದು ರೈಲು ಬದಲಿಸಬೇಕು. ವರ್ಷಗಟ್ಟಲೆ ಸಭೆ ಸೇರಿ, ಜನರ ಮತ ಕೇಳಿ, ಕೊನೆಗೂ ಒಂದಾದರು. ರಾಜಧಾನಿ ತನಗೇ ಬೇಕೆಂದು ಸಿಡ್ನಿ, ಮೆಲ್ಬರ್ನ್ ಎರಡೂ ಹಟ ಹಿಡಿದದ್ದರಿಂದ ಕ್ಯಾನ್‌ಬೆರಾ ಎಂಬ ಹೊಸ ಊರನ್ನೇ ಕಟ್ಟಬೇಕಾಯಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭ.

ನನಗೆ ಧಾರವಾಡದ ಅಪ್ಪ ನೆನಪಾದರು. ಕನ್ನಡನಾಡು ಒಂದಾದ ದಿನ ಹುಡುಗನಾಗಿದ್ದ ಅಪ್ಪ ಓಣಿಗೆಲ್ಲ ಪೇಢೆ ಹಂಚಿದ್ದರಂತೆ. ಆದರೆ ರಾಜ್ಯಕ್ಕೆ ಬಹಳ ಕಾಲ ಮೈಸೂರೆಂದೇ ಹೆಸರಿತ್ತಲ್ಲ, ಅದು ಅವರಿಗೆ ನುಂಗಲಾರದ ತುತ್ತು. ‘ಮನಿ ಒಂದಾತು, ಬಾಗಿಲಿಗೆ ಹೆಸರು ಮಾತ್ರ ಅವರದು’ ಎಂದು ಹೆಸರು ಬದಲಾದ ಮೇಲೂ ಗೊಣಗುತ್ತಿದ್ದರು. ನನ್ನ ಗಂಡ ಮೈಸೂರಿನವರು. ಈ ಕಥೆ ಹೇಳಿದರೆ ನಗುತ್ತಾರೆ. ‘ನಮ್ಮ ತಾತನಿಗೂ ಭಯ ಇತ್ತು ಕಣೇ, ನೀವೆಲ್ಲ ಬಂದು ನಮ್ಮನ್ನ ನುಂಗಿಬಿಡ್ತೀರ ಅಂತ.’

ಒಂದು ಸಂಜೆ ಅಕ್ಕನಿಗೆ ಮತ್ತೆ ಅದೇ ರಾಗ ಹಾಡಿದೆ. ಈ ಸಲ ಅವಳು ನೆಪ ಹೇಳಲಿಲ್ಲ.

‘ನಾವು ಸಣ್ಣಾವ್ರಿದ್ದಾಗ ನಮ್ಮ ಮನಿ ಅಂದ್ರ ಅದರಾಗ ಇಬ್ರೂ ಇದ್ವಿ. ಈಗ ನೀ ಅನ್ನೋ ‘ನಮ್ಮ’ದಾಗ ನಾ ಎಲ್ಲಿದೀನಿ ಹೇಳು? ಬಂದ್ರ, ನಿಮ್ಮ ಮನ್ಯಾಗ ಬಂದು ಇದ್ದಾಕಿ ಆಗ್ತೀನಿ.’

ನನಗೆ ದುಃಖವಾಯಿತು, ಅವಳು ಹೇಳಿದ್ದು ನಿಜವಾಗಿದ್ದರಿಂದ ಇನ್ನಷ್ಟು ದುಃಖವಾಯಿತು.

ಪ್ರಾಜೆಕ್ಟಿನ ಕೊನೆಯ ಪುಟ ತೋರಿಸಲು ಮಗಳು ಬಂದಳು. ನ್ಯೂಜಿಲೆಂಡನ್ನೂ ಕೂಡಿಕೊಳ್ಳಲು ಕರೆದಿದ್ದರಂತೆ. ಸಂವಿಧಾನದಲ್ಲಿ ರಾಜ್ಯಗಳ ಹೆಸರು ಹೇಳುವಲ್ಲಿ ಅದರ ಹೆಸರನ್ನೂ ಬರೆದಿಟ್ಟಿದ್ದರು.

‘ಬರ್ಲೇ ಇಲ್ಲ ಅಮ್ಮ. ಬಟ್ ನೇಮ್ ಇನ್ನೂ ಅಲ್ಲೇ ಇದೆ. ಯಾರೂ ತೆಗ್ದಿಲ್ಲ.’

ಮರುದಿನದಿಂದ ಅಕ್ಕನನ್ನು ಬಾ ಎಂದು ಕರೆಯುವುದನ್ನು ಬಿಟ್ಟೆ. ಖಾಲಿ ರೂಮನ್ನು ಮನೆಯವರೆಲ್ಲ ಅಕ್ಕನ ರೂಮೆಂದೇ ಕರೆಯತೊಡಗಿದೆವು. ‘ನಿನ್ನ ರೂಮಿಗೆ ಯಾವ ಬಣ್ಣದ ಪರದೆ ಹಾಕ್ಲಿ?’ ಎಂದು ಫೋನಿನಲ್ಲಿ ಕೇಳಿದೆ. ‘ನಿಮಗ ತಿಳಿದದ್ದು ಹಾಕ್ರಿ’ ಎಂದಳು. ನನಗೆ ತಿಳಿದದ್ದು ಹಸಿರು, ಅವಳಿಗೆ ಸೇರುವ ಬಣ್ಣ. ಮನೆಗೆ ಬಂದವರಿಗೆ ಮಗಳು ರೂಮು ತೋರಿಸುತ್ತಾಳೆ: ‘ದೊಡ್ಡವ್ವಾಸ್ ರೂಮ್. ಶೀ ಈಸ್ ಸ್ಟಿಲ್ ಡಿಸೈಡಿಂಗ್.’

ಹೀಗೇ ಒಂದು ಚಳಿಗಾಲ ಕಳೆಯಿತು. ಮೊನ್ನೆ ಅಕ್ಕ ತಾನಾಗಿಯೇ ಫೋನ್ ಮಾಡಿದಳು. ಮಗಳ ಪರೀಕ್ಷೆ, ಮಂಡಿನೋವು, ತೊಗರಿಬೇಳೆಯ ರೇಟು ಎಲ್ಲ ಮುಗಿದ ಮೇಲೆ ಸಹಜವಾಗಿ ಕೇಳಿದಳು.

‘ನಮ್ಮ ಮನಿ ಹೀಟರ್ ರಿಪೇರಿ ಆತೇನು?’

‘ಆತು’ ಎಂದೆ.

ಆಗಿರಲಿಲ್ಲ. ಫೋನಿಟ್ಟವಳೇ ರಿಪೇರಿಯವನನ್ನು ಬುಕ್ ಮಾಡಿದೆ.