ದೃಷ್ಟಿಬೊಟ್ಟಿನ ಕ್ಯಾಮೆರಾ

ಸವಣೂರಿನ ಒಬ್ಬ ಮನುಷ್ಯನ ಎಡಗೆನ್ನೆಯ ಮೇಲೆ ನಾನು ಒಂದು ಕಪ್ಪು ಚುಕ್ಕಿ ಇಟ್ಟಿದ್ದೇನೆ. ಮೆಣಸಿನ ಕಾಳಿನಷ್ಟಿದೆ. ಬೇಕೆಂದೇ ಇಟ್ಟೆ. ಈಗಲೂ ಅದನ್ನು ನೆನೆದ ದಿನ ನನಗೆ ಎರಡು ರೊಟ್ಟಿ ಹೆಚ್ಚು ಸೇರುತ್ತವೆ.

ನಾನು ಹಾನಗಲ್ಲಿನಲ್ಲಿ ಕುಬುಸ ಹೊಲಿಯುವವಳು. ಬಸುರಿಯರಿಗೆ ಮಾಡುವ ಸೀಮಂತಕ್ಕೂ ನಮ್ಮ ಕಡೆ ಕುಬುಸ ಅಂತಲೇ ಹೆಸರು. ಹೊಲಿದುಕೊಟ್ಟ ಮನೆಗಳವರು ಕಾರ್ಯಕ್ಕೂ ಕರೆಯುತ್ತಿದ್ದರು, ಹೋಗುತ್ತಿದ್ದೆ. ಅಲ್ಲಿ ಅಷ್ಟು ಹೊತ್ತು ಕೇಕೆ ಹಾಕಿ ನಗುತ್ತಿದ್ದ ಹೆಂಗಸರು, ಫೋಟೋದ ಗಂಡಸು ನಡುಮನೆಗೆ ಕಾಲಿಟ್ಟ ಕೂಡಲೇ ಸೆರಗು ಎಳೆದುಕೊಂಡು ಗೊಂಬೆಗಳಾಗಿಬಿಡುತ್ತಿದ್ದರು. ಕ್ಯಾಮೆರಾ ಹೆಂಗಸಿನ ಕೈಯಲ್ಲಿದ್ದರೆ ಇವರು ನಗುತ್ತಲೇ ಇರುತ್ತಾರಲ್ಲ ಅನ್ನಿಸಿತು. ಒಮ್ಮೆ ಹಾಗೆ ಅನ್ನಿಸಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಹೊಸ ಕ್ಯಾಮೆರಾ ಕೊಳ್ಳುವ ಶಕ್ತಿ ಇರಲಿಲ್ಲ. ಎರಡು ದೀಪಾವಳಿಯ ಹೊಲಿಗೆ ಕೂಡಿಟ್ಟರೆ ಹಳೆಯದೊಂದು ಬರುತ್ತಿತ್ತು. ಅದೂ ಕೈಕೊಟ್ಟರೆ ಆಸೆ ಅಲ್ಲಿಗೇ ಮುಗಿಯಿತು. ಅದಕ್ಕೇ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಎಲ್ಲ ಕಲಿತೆ: ಶಟರ್ ಎಷ್ಟು ಸಲ ಬಿದ್ದಿದೆ ಕೇಳಬೇಕು, ಲೆನ್ಸಿಗೆ ಬ್ಯಾಟರಿ ಬೆಳಕು ಹಾಯಿಸಿ ಬೂಷ್ಟು ಹಿಡಿದಿದೆಯೋ ನೋಡಬೇಕು, ತಿರುಗಿಸಿದರೆ ಕರಕರ ಅನ್ನಬಾರದು. ಬಂಕಾಪುರ, ಶಿಗ್ಗಾವಿ ಎಂದು ಬಸ್ಸು ಬದಲಿಸಿ ಹಳೆಯ ಕ್ಯಾಮೆರಾ ಮಾರಾಟಕ್ಕಿದೆ ಎಂದು ಕೇಳಿ ಸವಣೂರಿನ ಒಂದು ಫೋಟೋ ಸ್ಟುಡಿಯೋಕ್ಕೆ ಹೋದೆ. ಸ್ಟುಡಿಯೋದವನು ಚಹಾ ತರಿಸಿದ. ನಾನು ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರ ಕೊಟ್ಟ. ಹೊರಗೆ ಹೋಗಿ ಒಂದು ಫೋಟೋ ತೆಗೆದು ನೋಡುತ್ತೇನೆ ಎಂದಾಗ ಮಾತ್ರ ತಡೆದ.

"ಹೊರಗ ಧೂಳ ಭಾಳ ಐತ್ರಿ ಅಕ್ಕಾರ, ಲೆನ್ಸಿಗೆ ಬಡೀತೈತಿ. ಇಲ್ಲೇ ತಗದ ನೋಡ್ರಿ. ನಾ ಇದನ್ನ ಮಗಳಂಗ ಜ್ವಾಕಿ ಮಾಡೇನ್ರಿ."

ಒಳಗೆ ತೆಗೆದು ನೋಡಿದೆ. ಚೆನ್ನಾಗಿ ಬಂತು. ಕೊಂಡೆ. ಎಂಥ ಜಾಣೆ ನಾನು!

ಮರುದಿನ ಆನಿಕೆರೆಯ ದಂಡೆಯ ಮೇಲೆ ನಿಂತು ಆಕಾಶದ ಫೋಟೋ ತೆಗೆದರೆ ಬಲಗಡೆ ಮೇಲೆ ಒಂದು ಕಪ್ಪು ಕಲೆ. ಹಕ್ಕಿ ಅಂದುಕೊಂಡೆ. ಇನ್ನೊಂದು ತೆಗೆದೆ, ಹಕ್ಕಿ ಕದಲಲಿಲ್ಲ. ಹುಬ್ಬಳ್ಳಿಯ ರಿಪೇರಿಯವರ ಬಳಿ ಒಯ್ದಾಗ ಅವರು ಕ್ಯಾಮೆರಾದ ಒಡೆದ ಮೂಲೆಯನ್ನು ನೋಡಿಯೇ ಗುರುತು ಹಿಡಿದರು.

"ಇದು ಹಿಂದೊಮ್ಮೆ ಬಂದಿತ್ತಲ್ರಿ. ಸವಣೂರಿನವರು ತಂದಿದ್ರು. ಒಳಗ ಚಿತ್ರ ಮೂಡೋ ಸೆನ್ಸರಿಗೆ ಗೀರು ಬಿದ್ದೈತಿ, ಹೋಗಂಗಿಲ್ಲ ಅಂತ ಅವಾಗ ಹೇಳಿ ಕಳಿಸಿದ್ದೆ."

ಮಸುಕು ಬೆಳಕಿನಲ್ಲಿ ಆ ಕಲೆ ಕರಗಿಹೋಗುತ್ತದೆ. ಬಿಸಿಲಿನಲ್ಲಿ ಲೆನ್ಸಿನ ಕಣ್ಣು ಕಿರಿದಾದಷ್ಟೂ ಎದ್ದು ಕಾಣುತ್ತದೆ. ಇದನ್ನೂ ಅವರೇ ಹೇಳಿದರು. ಹೊರಗಿನ ಧೂಳಿನ ಮೇಲೆ ಅವನಿಗೆ ಅಷ್ಟು ಕಾಳಜಿ ಯಾಕಿತ್ತು ಎಂದು ಆಗ ತಿಳಿಯಿತು.

ನೆಟ್ಟಗೆ ಸವಣೂರಿಗೆ ಹೋದೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವನು ನನ್ನನ್ನು ನೋಡದೆ ಅವರನ್ನು ನೋಡುತ್ತ ಮಾತಾಡಿದ.

"ಹಳೇ ಸಾಮಾನಕ್ಕ ಗ್ಯಾರಂಟಿ ಇರಂಗಿಲ್ರಿ. ಸೂಜಿ ಕಣ್ಣಾಗ ದಾರ ಪೋಣಸೋರಿಗೆ ಇಷ್ಟು ದೊಡ್ಡ ಕಲೆ ಕಾಣಲಿಲ್ಲಂದ್ರ ನಾ ಏನ್ ಮಾಡ್ಲಿ? ಹೋಗ್ಲಿ ಬಿಡ್ರಿ, ದೃಷ್ಟಿಬೊಟ್ಟು ಅಂತ ತಿಳ್ಕೋರಿ."

ನಾಲ್ವರೂ ನಕ್ಕರು. ಆ ನಗೆ ಹಾನಗಲ್ಲಿನ ತನಕ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು. ಮೋಸಕ್ಕಿಂತ ಆ ನಗೆಯೇ ನನ್ನನ್ನು ಸುಟ್ಟಿತು. ಈ ಮಾತನ್ನು ಒಂದಲ್ಲ ಒಂದು ದಿನ ಇವನ ಬಾಯಿಗೇ ತುರುಕುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ.

ಮೊದಲು ಕ್ಯಾಮೆರಾವನ್ನು ಪಳಗಿಸಬೇಕಿತ್ತು. ಹಿಂದಿನ ಪರದೆಯ ಮೇಲೆ ಕಲೆ ಬೀಳುವ ಜಾಗಕ್ಕೆ ಸರಿಯಾಗಿ, ಹಣೆಗೆ ಹಚ್ಚುವ ಟಿಕಳಿಗಳಲ್ಲೇ ಅತಿ ಸಣ್ಣದೊಂದನ್ನು ಅಂಟಿಸಿದೆ. ಟಿಕಳಿ ಮುಡಿಯ ಮೇಲೋ ಬಾಗಿಲ ಚೌಕಟ್ಟಿನ ಮೇಲೋ ಬಂದ ಮೇಲೆಯೇ ಗುಂಡಿ ಒತ್ತುವುದು. ಕೆಲವು ಸಲ ಕ್ಯಾಮೆರಾವನ್ನೇ ತಲೆಕೆಳಗು ಹಿಡಿಯುತ್ತಿದ್ದೆ, ನೋಡಿದವರು ಇದೇನೋ ಹೊಸ ವಿದ್ಯೆ ಅಂದುಕೊಳ್ಳುತ್ತಿದ್ದರು. ಹತ್ತಿಮತ್ತೂರಿನ ಒಂದು ಕುಬುಸದಲ್ಲಿ ಮಾತ್ರ ಕೈತಪ್ಪಿ ಕಲೆ ಬಸುರಿಯ ಕೆನ್ನೆಯ ಮೇಲೆ ಬಿತ್ತು. ಕಾಲಿನಿಂದ ತಲೆಯವರೆಗೆ ಬೆವತೆ. ಅವಳ ಅಜ್ಜಿ ಫೋಟೋ ನೋಡಿ ಕೈ ಮುಗಿದಳು.

"ಯಾರೂ ಹಚ್ಚದ ದೃಷ್ಟಿಬೊಟ್ಟು ತಾನ ಬಂದೈತಿ ನೋಡ. ಪುಣ್ಯಾದ ಕ್ಯಾಮೆರಾ ಐತವ್ವ ಇದು."

ಅಲ್ಲಿಂದ ಸುದ್ದಿ ಹರಡಿತು. ಶಿಗ್ಗಾವಿಯಿಂದ, ಹಿರೇಕೆರೂರಿನಿಂದ 'ಬೊಟ್ಟಿನ ಕ್ಯಾಮೆರಾದ ಅಕ್ಕಾರು' ಬೇಕು ಎಂದು ಫೋನು ಬರತೊಡಗಿದವು. ನಾನು ಸುಳ್ಳೂ ಹೇಳಲಿಲ್ಲ, ನಿಜವೂ ಹೇಳಲಿಲ್ಲ. ಹಾಗಾದರೆ ನೀನೂ ಅವನೂ ಒಂದೇ ಎಂದು ಯಾರಾದರೂ ಅಂದರೆ ಜಗಳಕ್ಕೆ ನಾನು ತಯಾರು.

ಮೂರನೆಯ ವರ್ಷ ಸವಣೂರಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. "ಮಗಳ ಕುಬುಸ ಐತ್ರಿ. ನಮ್ಮ ಮನಿಯವರೂ ಫೋಟೋ ತಗಿಯೋರ. ಆದ್ರ ಹೆಣ್ಣಮಕ್ಕಳ ನಡುವ ಅಪ್ಪ ಬ್ಯಾಡ, ನೀವ ಬರಬೇಕು ಅಂತ ಹಟಾ ಹಿಡದಾಳ್ರಿ." ಯಾವ ಓಣಿ, ಯಾವ ಸ್ಟುಡಿಯೋ ಎಂದು ಕೇಳಿದೆ. ಹೇಳಿದಳು. ಮಿಷನ್ ಮೇಲಿದ್ದ ನನ್ನ ಕಾಲು ನಿಂತಿತು. ಬರುತ್ತೇನೆ ಎಂದೆ.

ಬಸ್ಸಿನಲ್ಲಿ ಕೂತು ಎಲ್ಲ ಯೋಚಿಸಿಟ್ಟಿದ್ದೆ. ಮಗಳ ಪ್ರತಿಯೊಂದು ಫೋಟೋದಲ್ಲೂ ಹಣೆಯಿಂದ ಗದ್ದದವರೆಗೆ ಒಂದೊಂದು ಕಡೆ ಕಲೆ ಇಡುವುದು. ಅಂಗಳಕ್ಕೆ ಕಾಲಿಟ್ಟಾಗ ಅವನು ಕುರ್ಚಿ ಹಾಕುತ್ತಿದ್ದ. ನನ್ನನ್ನು ನೋಡಿದ, ಕೊರಳಲ್ಲಿದ್ದದ್ದನ್ನು ನೋಡಿದ, ಮುಖ ಬಿಳುಚಿತು.

"ಅದ ಕ್ಯಾಮೆರಾನ್ರಿ?"

"ಅದ ರೀ. ಮಗಳಂಗ ಜ್ವಾಕಿ ಮಾಡೇನಿ."

ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಅಡ್ಡ ಬಂದು ದನಿ ಇಳಿಸಿ, "ಅಕ್ಕಾರ, ಮಗಳ ಮಾರಿ ಮ್ಯಾಲೆ ಮಾತ್ರ ಬೀಳದಂಗ…" ಎಂದ. ನಾನು ಅವನನ್ನು ದಾಟಿ ನಡುಮನೆಗೆ ಹೋದೆ. ಬೆವರಲಿ ಎಂದು ಬಿಟ್ಟೆ.

ಆದರೆ ಹಸಿರು ಸೀರೆ ಉಟ್ಟು, ಮುಡಿಗೆ ಹೂವಿನ ದಂಡಿ ಕಟ್ಟಿಕೊಂಡು ಕೂತಿದ್ದ ಆ ಹುಡುಗಿ ನನ್ನ ಕೈಯನ್ನೇ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಅಕ್ಕಾ, ಒದಿಯಾಕತ್ತೈತಿ ನೋಡ್ರಿ." ನಿಜವಾಗಿಯೂ ಒದೆಯಿತು. ಇವಳು ನನಗೆ ಏನು ಮಾಡಿದ್ದಳು? ನನಗೆ ಅವಳ ಮೇಲೆ ಸಿಟ್ಟು ಬರಿಸಿಕೊಳ್ಳಲು ಆಗಲಿಲ್ಲ, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅವಳ ಎಲ್ಲ ಫೋಟೋಗಳಲ್ಲೂ ಕಲೆಯನ್ನು ದಂಡಿಯ ಹೂವಿನಲ್ಲಿ ಅಡಗಿಸಿದೆ.

ಕೊನೆಗೆ ಮನೆಯವರೆಲ್ಲ ಅಂಗಳದಲ್ಲಿ ನಿಂತರು. ನಡುಹಗಲಿನ ಬಿಸಿಲು. ಅವನು ಬಿಳಿ ಅಂಗಿ ಹಾಕಿಕೊಂಡು ಹೆಂಡತಿಯ ಪಕ್ಕದಲ್ಲಿ ನಿಂತಿದ್ದ.

"ಅಣ್ಣಾರ, ಒಂದ ಹೆಜ್ಜಿ ನಿಮ್ಮ ಎಡಕ್ಕ. ಇನ್ನಷ್ಟು. ಗದ್ದಾ ಸ್ವಲ್ಪ ಮ್ಯಾಲ."

ಅವನಿಗೆ ಗೊತ್ತಾಯಿತು. ಅವನಷ್ಟು ಚೆನ್ನಾಗಿ ಆ ಜಾಗ ಗೊತ್ತಿದ್ದವರು ಇನ್ನು ಯಾರಿದ್ದರು? ಆದರೆ ಬೀಗರು ನೋಡುತ್ತಿದ್ದರು, ಓಡಿಹೋಗುವಂತಿರಲಿಲ್ಲ. ಗುಂಡಿ ಒತ್ತಿದೆ.

ಹೆಂಗಸರೆಲ್ಲ ನನ್ನ ಸುತ್ತ ಮುಕುರಿಕೊಂಡರು. ಪರದೆಯ ಮೇಲಿನ ಟಿಕಳಿಯನ್ನು ಉಗುರಿನಿಂದ ಕಿತ್ತು, ಫೋಟೋ ದೊಡ್ಡದು ಮಾಡಿ ತೋರಿಸಿದೆ. ಟಿಕಳಿಯ ಕೆಳಗೆ ಚುಕ್ಕಿ, ಚುಕ್ಕಿಯ ಕೆಳಗೆ ಅವನ ಎಡಗೆನ್ನೆ.

"ಅಯ್ಯ, ಯಜಮಾನ್ರಿಗೆ ದೃಷ್ಟಿಬೊಟ್ಟು!" ಎಂದು ಬೀಗತಿ ಕೂಗಿದಳು. ಅಂಗಳಕ್ಕೆ ಅಂಗಳವೇ ನಕ್ಕಿತು. ಮೂರು ವರ್ಷದಿಂದ ನನಗೆ ಬರಬೇಕಾಗಿದ್ದ ನಗೆ ಅದು, ಹೊಟ್ಟೆ ತುಂಬ ಕೇಳಿದೆ.

ಹೊರಡುವಾಗ ಅವನು ಬಾಗಿಲ ತನಕ ಬಂದ. "ಅದೊಂದ ಅಳಿಸಿ ಕೊಡ್ರಿ ಅಕ್ಕಾರ."

"ಎರಡು ನಿಮಿಷದ ಕೆಲಸ ರೀ. ಒಳಗ ನಡೀರಿ. ನಿಮ್ಮ ಮನಿಯವರ ಮುಂದ, ಮಗಳ ಮುಂದ, ಈ ಕಲೆ ನನಗ ಗೊತ್ತಿತ್ತು, ಗೊತ್ತಿದ್ದ ಮಾರಿದೆ ಅಂತ ಒಂದ ಮಾತು ಹೇಳ್ರಿ. ಅಳಿಸಿಬಿಡ್ತೇನಿ."

ಅವನು ಒಳಗಡೆ ನೋಡಿದ. ಅಷ್ಟರಲ್ಲಿ ಹೆಂಡತಿ ನನಗೆ ದಾರಿಯಲ್ಲಿ ತಿನ್ನಲು ಸವಣೂರು ಖಾರದ ಪೊಟ್ಟಣ ಹಿಡಿದು ಬಂದಳು. "ಏನಂತಾರ್ರೀ ನಮ್ಮವರು?" ಎಂದು ಕೇಳಿದಳು.

"ಏನಿಲ್ಲ. ಫೋಟೋ ಚಂದ ಬಂದೈತಿ ಅನ್ನಾಕತ್ತಿದ್ದೆ," ಎಂದ ಅವನು.

ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಆಯೇರಿ ಎಂದು, ಕುಬುಸದ ಉಡುಗೊರೆಯಾಗಿ, ಅವನ ಹೆಂಡತಿಯ ಕೈಗೇ ಕೊಟ್ಟೆ. ಗಿರಾಕಿಗಳೂ ನೋಡಲಿ ಎಂದು ಆಕೆ ಅದನ್ನು ಸ್ಟುಡಿಯೋದಲ್ಲಿ ಅವನ ಕುರ್ಚಿಯ ಮೇಲೆಯೇ ತೂಗುಹಾಕಿಸಿದಳು. ಅವನು ಇಳಿಸಬಹುದು. ಯಾಕೆ ಇಳಿಸಿದಿರಿ ಎಂದು ಆಕೆ ಕೇಳಿದರೆ ಆ ಒಂದು ಮಾತು ಹೇಳಬೇಕಾಗುತ್ತದೆ. ಸವಣೂರಿಗೆ ಹೋದಾಗಲೆಲ್ಲ ನಾನು ಆ ದಾರಿಯಲ್ಲೇ ಹಾದುಹೋಗಿ ಒಳಗೆ ಇಣುಕುತ್ತೇನೆ. ಮೊನ್ನೆಯೂ ಇಣುಕಿದೆ. ಇನ್ನೂ ಇದೆ.