ಭಾವ ಎಬ್ಬಿಸಿ ನಿಲ್ಲಿಸಿದ ಲಾರಿ

ಭಾವನ ರೆಪ್ಪೆಗೂದಲು ಸದಾ ಬೆಳ್ಳಗಿರುತ್ತಿತ್ತು. ಪಿರಿಯಾಪಟ್ಟಣದಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಬೆಳಗಿನಿಂದ ಸಂಜೆಯವರೆಗೆ ರಾಗಿ ಬೀಸಿ ಬೀಸಿ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲಿಗೆಲ್ಲ ಹಿಟ್ಟು ಕೂತು, ನಡುವಯಸ್ಸಿಗೇ ಮುದುಕರ ಹಾಗೆ ಕಾಣುತ್ತಿದ್ದರು. ಗಿರಣಿಯ ಸದ್ದಿನ ನಡುವೆ ಬದುಕಿದವರಾದ್ದರಿಂದ ಮನೆಯಲ್ಲೂ ಮಾತೆಲ್ಲ ಕೂಗೇ. ಮೊದಲ ದಿನ ಹೆದರಿ, “ಅಕ್ಕ, ಭಾವ ಬಯ್ತಾ ಇದಾರಾ?” ಅಂತ ಕೇಳಿದ್ದೆ. “ಇಲ್ಲ ಕಣೇ, ಉಪ್ಪು ಕೇಳ್ತಾವ್ರೆ” ಅಂದಿದ್ದಳು ಅಕ್ಕ.

ಅಮ್ಮ ತೀರಿಕೊಂಡ ವರ್ಷ ನಾನು ಸಾಲಿಗ್ರಾಮದಿಂದ ಅಕ್ಕನ ಮನೆಗೆ ಬಂದವಳು. ಗಿರಣಿ ಮನೆಗೆ ಅಂಟಿಕೊಂಡೇ ಇತ್ತು. ನನಗೆ ಪರೀಕ್ಷೆ ಶುರುವಾದರೆ ಭಾವ ಬೆಳಗಿನ ಹೊತ್ತು ಮೋಟಾರು ಹಾಕುತ್ತಲೇ ಇರಲಿಲ್ಲ. ಡಬ್ಬ ಹಿಡಿದು ಬಂದ ಹೆಂಗಸರು ಗೊಣಗಿದರೆ, “ಉಡುಗಿ ಓದ್ತಾವ್ಳೆ ಕಣ್ರವ್ವ, ಡಬ್ಬ ಇಟ್ಟೋಗಿ, ಆಮೇಲೆ ಬೀಸ್ಕೊಡ್ತೀನಿ” ಎಂದು ಭಾವ ಪಿಸುಮಾತಿನಲ್ಲಿ ಹೇಳುತ್ತಿದ್ದರು. ಅವರ ಪಿಸುಮಾತು ನಾನು ಕೇಳಿದ್ದು ಆಗ ಮಾತ್ರ. ನಾನು ಹುಣಸೂರಿನಲ್ಲಿ ಟೀಚರಾಗಿದ್ದೇನೆ ಅಂದರೆ ಅದು ಆ ಬೆಳಗುಗಳಿಂದ.

ಮನೆಯ ಹಿತ್ತಲಲ್ಲಿ ಟಾರ್ಪಾಲು ಹೊದ್ದ ಒಂದು ಲಾರಿ ನಿಂತಿತ್ತು. ಉದ್ದ ಮೂತಿಯ ಹಳೇ ಕಾಲದ ಲಾರಿ, ಅಕ್ಕನ ಮಾವನದು, ಅಂದರೆ ಭಾವನ ಅಪ್ಪನದು. ಅವರು ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂರುತ್ತಿದ್ದರೇ ಹೊರತು ಹಿತ್ತಲಿಗೆ ಕಾಲಿಡುತ್ತಿರಲಿಲ್ಲ. ಯಾಕೆ ಅಂತ ಅಕ್ಕ ಒಂದು ದಿನ ತಗ್ಗಿದ ದನಿಯಲ್ಲಿ ಹೇಳಿದಳು. ಮಾವ ಆ ಲಾರಿಯಲ್ಲಿ ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಿಂದ ಜನರನ್ನು ತುಂಬಿಕೊಂಡು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಬಿಡುತ್ತಿದ್ದರಂತೆ. ಒಂದು ಮಳೆಗಾಲದ ಬೆಳಗ್ಗೆ ಕಾಡಿನ ತಿರುವಿನಲ್ಲಿ ಲಾರಿ ಮಗುಚಿತು. ಹಿಂದೆ ನಿಂತಿದ್ದವರಲ್ಲಿ ಕೆಲವರು ಅಲ್ಲೇ ಸತ್ತರು. ಸ್ಟೇರಿಂಗ್ ಹಿಡಿದಿದ್ದ ಮಾವನಿಗೆ ಕೈ ತರಚಿದ್ದಷ್ಟೆ. ಕೇಸು ಹೇಗೋ ಮುಗಿಯಿತು. ಲಾರಿಯನ್ನು ಎಳೆಸಿಕೊಂಡು ಬಂದು ಹಿತ್ತಲಲ್ಲಿ ನಿಲ್ಲಿಸಿ ಹೊದಿಸಿದವರು ಮತ್ತೆ ಅದರ ಮಾತೆತ್ತಲಿಲ್ಲ. ಈ ಮನೆಯಿಂದ ಯಾರೂ ಸತ್ತವರ ಹಾಡಿಗೆ ಹೋಗಲೂ ಇಲ್ಲ.

ಮಾವ ಹೋದ ಮೇಲೆ ನೆಂಟರೆಲ್ಲ ಅದನ್ನು ಗುಜರಿಗೆ ಹಾಕು ಅಂದರು. ಭಾವ ಒಪ್ಪಲಿಲ್ಲ. “ತುಂಡು ಮಾಡುದ್ರೆ ಏನೂ ಆಗೇ ಇಲ್ಲ ಅಂದಂಗಾಯ್ತದೆ ಕಣವ್ವ,” ಅಂದರು ನನ್ನ ಹತ್ತಿರ. “ಅಪ್ಪ ಮುಚ್ಚಿಟ್ಕೊಂಡೇ ಸತ್ತೋದ್ರು. ನಾನು ಬಿಚ್ಚಿ ನಿಲ್ಲುಸ್ತೀನಿ.”

ಟಾರ್ಪಾಲು ತೆಗೆದಾಗ ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಇಂಜಿನ್ ಕಚ್ಚಿಕೊಂಡಿತ್ತು. ಭಾವ ದಿನಗಟ್ಟಲೆ ಅದಕ್ಕೆ ಡೀಸೆಲ್ ಕುಡಿಸಿ ಕಾದರು. ಸಿಗದ ಬಿಡಿಭಾಗ ಹುಡುಕಿಕೊಂಡು ಮೈಸೂರಿನ ಗುಜರಿ ಅಂಗಡಿಗಳಲ್ಲಿ ಅಲೆದರು. ಹುಣಸೂರಿನ ಆಚಾರಿಯಿಂದ ಮರದ ಬಾಡಿಯನ್ನು ಹೊಸದಾಗಿ ಕಟ್ಟಿಸಿದರು. ತಗಡಿನ ನೆಗ್ಗನ್ನೆಲ್ಲ ಬಡಿದು ಸಮ ಮಾಡಿಸಿ, ಹಸಿರು ಬಣ್ಣ ಹೊಡೆಸಿ, ಹಣೆಯ ಮೇಲೆ ಮೊದಲಿದ್ದ ಹಾಗೇ ‘ಶ್ರೀ ಮಸಣಿಕಮ್ಮ ಪ್ರಸನ್ನ’ ಅಂತ ಬರೆಸಿದರು. ಲಾರಿ ಸ್ಟಾರ್ಟಾದ ದಿನ ಬೀದಿಯೆಲ್ಲ ಸೇರಿತ್ತು. ಭಾವ ಹೊಗೆಯಲ್ಲಿ ಕೆಮ್ಮುತ್ತಾ ನಗುತ್ತಿದ್ದರು. ಅಷ್ಟು ದೊಡ್ಡ ನಗು ಆ ಮುಖದಲ್ಲಿ ನಾನು ಕಂಡಿರಲಿಲ್ಲ. ಆಮೇಲೆ ಮದುವೆ ಗೊತ್ತಾದ ಹುಡುಗ ಹುಡುಗಿಯರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಬರತೊಡಗಿದರು. ಭಾವನೇ ಬಟ್ಟೆ ಹಿಡಿದು ಬಾನೆಟ್ಟು ಒರೆಸಿಕೊಡುತ್ತಿದ್ದರು. ಮುಚ್ಚಿಟ್ಟಿದ್ದನ್ನು ಬಿಚ್ಚುತ್ತೇನೆ ಅಂದಿದ್ದವರು ಅದನ್ನು ಮರೆತೇ ಬಿಟ್ಟಿದ್ದರೇನೋ.

ಆ ಫೋಟೊಗಳಲ್ಲಿ ಒಂದು ಯಾರ್ಯಾರದೋ ಮೊಬೈಲು ದಾಟಿ ಕೋಟೆ ಕಡೆಯ ಹಾಡಿಗೆ ಹೋಯಿತು. ಒಂದು ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದಾಗ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ನನಗಿಂತ ಸ್ವಲ್ಪ ದೊಡ್ಡವಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾ, “ಹಣೆ ಮೇಲಿನ ಅಕ್ಷರ ನೋಡಿ ನಮ್ಮಾವ ಗುರುತು ಹಿಡುದ್ರು. ನಮ್ಮವ್ವ ಸತ್ತಿದ್ದು ಆ ಲಾರೀಲಿ. ನೋಡ್ಬೇಕಿತ್ತು” ಅಂದಳು.

ಭಾವ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅವಳು ಲಾರಿಯನ್ನು ಒಂದು ಸುತ್ತು ಬಂದಳು. ಹಿಂದಿನ ಬಾಡಿಯ ಮೇಲೆ ಕೈಯಿಟ್ಟು ಸವರಿ, ಕೈ ತೆಗೆದಳು.

“ಇದು ಹೊಸ ಹಲಗೆ.”

“ಹೂಂ ಕಣವ್ವ. ಹಳೇದು ಲಡ್ಡಾಗಿತ್ತು.”

“ನಮ್ಮವ್ವ ಹಿಡ್ಕಂಡು ನಿಂತಿದ್ದ ಹಲಗೆ ಎಲ್ಲಿ ಹಾಕಿದ್ದೀಯಣ್ಣ?”

ಹಳೇ ಹಲಗೆಗಳನ್ನು ಭಾವ ಊರಿನ ರೈತರೊಬ್ಬರಿಗೆ ಕೊಟ್ಟಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಹೋಗಿ ಅವು ಯಾವತ್ತೋ ಬೂದಿಯಾಗಿದ್ದವು.

“ಸುಟ್ಟೋದೊ ಕಣವ್ವ.”

ಅವಳು ಕಿರುಚಲಿಲ್ಲ, ಶಾಪ ಹಾಕಲಿಲ್ಲ. “ಇಷ್ಟು ಚೆಂದ ಯಾಕೆ ಮಾಡ್ದೆ?” ಅಂತ ಕೇಳಿದಳು, ಅಷ್ಟೆ. ಅಕ್ಕ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. ಹೊರಟವಳ ಹಿಂದೆ ಭಾವ ಬೀದಿಯ ತನಕ ಹೋಗಿ, “ನಾನು ಈಗ ಏನು ಮಾಡ್ಲಿ, ಹೇಳವ್ವ” ಅಂದರು. ಅವಳು ತಿರುಗಿ ನಿಂತಳು.

“ನಿಮ್ಮಪ್ಪ ಒಂದಿನಾನೂ ಹಾಡಿಗೆ ಬರ್ನಿಲ್ಲ. ನೀನು ಬಾ. ಈ ಗಾಡೀಲಿ ಬರ್ಬ್ಯಾಡ.”

ಮುಂದಿನ ವಾರ ಭಾವ ಬಸ್ಸು ಹಿಡಿದು ಹೊರಟರು. ಒಬ್ಬರೇ ಹೋಗುವ ಧೈರ್ಯವಾಗದೆ ನನ್ನನ್ನೂ ಕರೆದರು. ಬಸ್ಸಿಳಿದು ಕಾಡಂಚಿನ ಮಣ್ಣು ರಸ್ತೆಯಲ್ಲಿ ನಡೆದೆವು. ಅವಳು ನಮ್ಮನ್ನು ಮನೆಯಿಂದ ಮನೆಗೆ ಕರೆದುಕೊಂಡು ಹೋಗಿ, “ಲಾರಿಯವನ ಮಗ” ಅಂತಷ್ಟೇ ಹೇಳುತ್ತಿದ್ದಳು. ಕೆಲವರು ಎದ್ದು ಒಳಗೆ ಹೋದರು. ಲಾರಿ ಮಗುಚಿದ ದಿನದಿಂದ ಕುಂಟುತ್ತಿದ್ದ ಮುದುಕನೊಬ್ಬ ಮಾತ್ರ ಭಾವನನ್ನು ಬಹಳ ಹೊತ್ತು ನೋಡಿ, “ನಿಮ್ಮಪ್ಪ ಬದುಕವ್ನಾ?” ಅಂದ.

“ಇಲ್ಲ. ತೀರ್ಕಂಡ್ರು.”

“ಕೊನೇಲಿ ನರಳುದ್ನಾ?”

“ಹೂಂ. ಬಾಳ ನರಳುದ್ರು.”

“ಪಾಪ,” ಅಂದ ಮುದುಕ.

ಭಾವ ಅಲ್ಲೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡರು. ಯಾರೂ ಸಮಾಧಾನ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅದು ಅವರೇ ಅಳಬೇಕಾದ ಅಳು ಅನ್ನಿಸಿತ್ತು.

ಆಮೇಲೆ ಲಾರಿಯ ಮುಂದೆ ಫೋಟೊ ತೆಗೆಯಲು ಯಾರನ್ನೂ ಬಿಡಲಿಲ್ಲ. ಹಾಡಿಗೆ ಮಾತ್ರ ಹೋಗುತ್ತಲೇ ಇದ್ದರು. ಯಾರಿಗಾದರೂ ಜ್ವರವೆಂದರೆ ಆಸ್ಪತ್ರೆಗೆ ಜೊತೆಯಾಗುತ್ತಿದ್ದರು, ಏನೂ ಇಲ್ಲದಿದ್ದರೆ ಸುಮ್ಮನೆ ಕೂತು ಬರುತ್ತಿದ್ದರು. ಆ ಹೆಂಗಸು ಅವರೊಂದಿಗೆ ನಗುನಗುತ್ತಾ ಮಾತಾಡಿದ್ದೇ ಇಲ್ಲವಂತೆ. “ಆಡದೇ ಇದ್ರೂ ಸರಿಯೇ ಕಣವ್ವ. ಬರ್ಬ್ಯಾಡ ಅಂದಿಲ್ವಲ್ಲ” ಅನ್ನುತ್ತಿದ್ದರು.

ಇಷ್ಟರಲ್ಲಿ ಗಿರಣಿಯ ಹಿಟ್ಟಿನ ದೂಳು ಕುಡಿದು ಕುಡಿದು ಅವರ ಶ್ವಾಸಕೋಶ ಕೆಟ್ಟಿತ್ತು. ಕಳೆದ ಚಳಿಗಾಲ ಮೈಸೂರಿನ ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದವರು ನನ್ನನ್ನು ಹತ್ತಿರ ಕರೆದರು. “ನಾನು ಸತ್ರೆ ಹಾಡಿಗೆ ನೀನೇ ಓಗಿ ಹೇಳು. ಬೇರೆ ಯಾರೋ ಹೇಳೋದು ಬ್ಯಾಡ.” ಎರಡು ದಿನಕ್ಕೆ ಹೋಗಿಬಿಟ್ಟರು.

ಮಣ್ಣು ಮಾಡಿದ ಮರುದಿನ ಹಾಡಿಗೆ ಹೋದೆ. ಅವಳು ಇರಲಿಲ್ಲ, ಕೊಡಗಿಗೆ ಕಾಫಿ ಕೊಯ್ಲಿಗೆ ಹೋಗಿದ್ದಳು. ಕಾದು ಕೂತೆ. ಹೊತ್ತು ಮುಳುಗುವಾಗ ಜನ ಕಿಕ್ಕಿರಿದ ಜೀಪೊಂದು ಬಂದು ನಿಂತಿತು. ಅದರ ಹಿಂದೆ ಜೋತುಬಿದ್ದು ಬಂದಿದ್ದವಳು ಇಳಿದು, ನನ್ನ ಮುಖ ನೋಡಿ ನಿಂತಳು. ಹೇಳಿದೆ.

ಅವಳು ಊಟದ ಬುತ್ತಿಯನ್ನು ಕೆಳಗಿಟ್ಟು ದಾರಿಯ ಪಕ್ಕದಲ್ಲೇ ಕೂತಳು. ಜೀಪು ಹೋಯಿತು, ಜನ ಚದುರಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಂದಳು:

“ಅವನ ಮ್ಯಾಲಿನ ಸಿಟ್ಟು ನಂಗಿನ್ನೂ ಮುಗ್ದಿರ್ನಿಲ್ಲ ಕಣಕ್ಕ. ಅಷ್ಟ್ರಲ್ಲೇ ಓಗ್ಬುಟ್ನಾ?”